20ಕ್ಕೆ 30 ಕೂಡಿದರೆ 2030

‘ಮೊತ್ತ 50 ಬರಬೇಕಿತ್ತು, 2030 ಬಂದಿದೆ. ಕಂಪ್ಯೂಟರಿಗೆ ಕೂಡಲು ಬರುವುದಿಲ್ಲವೇ?’ ಜಾವಾಸ್ಕ್ರಿಪ್ಟ್ ಕಲಿಯುತ್ತಿರುವ ಓದುಗರೊಬ್ಬರ ಪ್ರಶ್ನೆ ಇದು. ವೆಬ್ ಪುಟದ ಎರಡು ಚೌಕಗಳಲ್ಲಿ 20, 30 ತುಂಬಿ ಕೂಡಿಸಿದ್ದಾರೆ.

ಚೌಕದಲ್ಲಿ ಏನೇ ಟೈಪ್ ಮಾಡಿದರೂ ಪ್ರೋಗ್ರಾಮಿನ ಕೈಗೆ ಸಿಗುವುದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗ್ ಕಂಡರೆ ಪ್ಲಸ್ ಚಿಹ್ನೆ ಕೂಡುವುದಿಲ್ಲ, ಪಕ್ಕಪಕ್ಕ ಜೋಡಿಸುತ್ತದೆ. ಮೈನಸ್ ಹಾಗಲ್ಲ. ಎರಡನ್ನೂ ಮೊದಲು ಸಂಖ್ಯೆ ಮಾಡಿಕೊಂಡು, 30ರಲ್ಲಿ 20 ಕಳೆದು 10 ಎಂದೇ ಹೇಳುತ್ತದೆ. ಕೂಡುವ ಮುನ್ನ ಎರಡನ್ನೂ ‘ನಂಬರ್’ ಫಂಕ್ಷನ್‌ಗೆ ಕೊಟ್ಟರೆ 50 ಬರುತ್ತದೆ.

ಸಂಖ್ಯೆ, ಸ್ಟ್ರಿಂಗ್ ಇಂಥ ಬಗೆಗಳಿಗೆ ಟೈಪ್ ಎನ್ನುತ್ತಾರೆ. ಪ್ಲಸ್ ಚಿಹ್ನೆಯ ಈ ಆಟ ನೋಡಿ ‘ಜಾವಾಸ್ಕ್ರಿಪ್ಟಿಗೆ ಟೈಪ್‌ಗಳೇ ಇಲ್ಲ’ ಎನ್ನುವವರಿದ್ದಾರೆ. ಪಾಠ ಹೇಳುವವರೂ ಹೀಗೆನ್ನುವುದನ್ನು ಕೇಳಿ ನನಗೆ ಬೇಸರವಾಗಿದೆ. ಟೈಪ್‌ಗಳು ಎಂಟಿವೆ, ಅವು ಮೌಲ್ಯವನ್ನು ಇಟ್ಟುಕೊಂಡ ಹೆಸರಿಗೆ ಅಂಟಿಲ್ಲ, ಮೌಲ್ಯಕ್ಕೆ ಅಂಟಿವೆ, ಅಷ್ಟೆ. ನಮ್ಮ ಮನೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಮೊನ್ನೆ ಸಾಸಿವೆ ಇತ್ತು, ಇವತ್ತು ಜೀರಿಗೆ ಇದೆ. ಬಾಟಲಿ ಬದಲಾಗಲಿಲ್ಲವೆಂದು ಸಾಸಿವೆ ಜೀರಿಗೆಯಾದೀತೇ?

1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದರು. ಪ್ರೋಗ್ರಾಮಿಂಗಿನಲ್ಲಿ ಪಳಗದವರೂ ಬಳಸಲೆಂದು ಮಾಡಿದ ಭಾಷೆ. ಹಾಗಾಗಿ ಟೈಪ್ ಹೊಂದದಿದ್ದರೆ ಸಾಮಾನ್ಯವಾಗಿ ನಿಂತುಬಿಡದೆ, ತಾನೇ ಬದಲಿಸಿಕೊಂಡು ಮುಂದೆ ಹೋಗುತ್ತದೆ.

ಈ ಬದಲಾವಣೆಯ ಸೊಗಸು ನನಗೆ ಕಂಡದ್ದು ಕನ್ನಡ ಅಂಕಿಯಲ್ಲಿ. ಬ್ರೌಸರಿನ ಕನ್ಸೋಲ್ ತೆರೆದು ‘೫’ ಎಂಬ ಸ್ಟ್ರಿಂಗನ್ನು ಸಂಖ್ಯೆ ಮಾಡಲು ಹೇಳಿದೆ. ಬಂದ ಉತ್ತರ ನ್ಯಾನ್, ‘ಸಂಖ್ಯೆಯಲ್ಲ’! ಏನೂ ಬರೆಯದ ಖಾಲಿ ಸ್ಟ್ರಿಂಗ್ ಕೊಟ್ಟೆ, 0 ಬಂತು. ಅಂಕದ ಚೌಕ ಖಾಲಿ ಬಿಟ್ಟವರಿಗೆ ಸದ್ದಿಲ್ಲದೆ ಸೊನ್ನೆ. ದುಂಡಗೆ ೫ ಬರೆದವರಿಗೆ ಅದೂ ಇಲ್ಲ. ಈ ನ್ಯಾನ್ ತನಗೆ ತಾನೇ ಸಮನಲ್ಲ, ಆದ್ದರಿಂದ ‘ಉತ್ತರ ನ್ಯಾನ್‌ಗೆ ಸಮವೇ?’ ಎಂದು ಹೋಲಿಸಿ ಹಿಡಿಯಲೂ ಆಗದು. ಅದಕ್ಕೆಂದೇ ಬೇರೆ ಫಂಕ್ಷನ್ ಇದೆ.

ಉತ್ತರವನ್ನು ಕನ್ನಡ ಅಂಕಿಯಲ್ಲಿ ತೋರಿಸುವ ಸೌಲಭ್ಯ ಇದೇ ಭಾಷೆಯಲ್ಲಿದೆ, ಓದುವ ಸೌಲಭ್ಯ ಮಾತ್ರ ಇಲ್ಲ. ನಾವೇ ಓದಿಸಬಹುದು. ಯೂನಿಕೋಡ್‌ನಲ್ಲಿ ‘೦’ಯ ಕ್ರಮಸಂಖ್ಯೆ 3302, ಅಲ್ಲಿಂದ ‘೯’ರವರೆಗೆ ಒಂದೊಂದೇ ಹೆಚ್ಚುತ್ತದೆ. ‘೫’ರದ್ದು 3307. ಅದರಲ್ಲಿ 3302 ಕಳೆಯಿರಿ, 5 ಉಳಿಯುತ್ತದೆ. ಅದು ಅಪ್ಪಟ ಸಂಖ್ಯೆ. ಪ್ಲಸ್ ಚಿಹ್ನೆ ಅದನ್ನು ಕೂಡಿಯೇ ಕೂಡುತ್ತದೆ.