ಮೇದಸ್ಸನ್ನು ಹೀರಿ ತೆಗೆಯುವ ಚಿಕಿತ್ಸೆ: ಹಳೆಯ ಕ್ರಮವೂ ಹೊಸ ಕ್ರಮಗಳೂ

ನಮ್ಮ ಶಾಲೆಯಲ್ಲಿ ಓದಿ, ಈಗ ಎರಡು ಮಕ್ಕಳ ತಾಯಿಯಾಗಿರುವ ಪೂರ್ವ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನಮ್ಮಲ್ಲಿಗೆ ಬಂದು, ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯಿಸಿಕೊಳ್ಳುವ ಮನಸ್ಸಾಗಿದೆಯೆಂದೂ, ಹಳೆಯ ಕ್ರಮವೇ ಅಪಾಯಕರವಾದದ್ದು, ಹೊಸದರಲ್ಲಿ ಭಯವಿಲ್ಲವೆಂದು ಜನರು ಹೇಳುವದು ನಿಜವೇ ಎಂದೂ ಕೇಳಿದಳು. ಆಕೆಯ ತಾಯಿಯವರಾದರೋ, 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷ ಪ್ರಾಯದ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಯುವ ಚಿಕಿತ್ಸೆಗೆ ಒಳಗಾಗಿ ಮೃತಳಾದ ವರ್ತಮಾನವನ್ನು ಮರೆತಿರಲಿಲ್ಲ. ನಾವು ವೈದ್ಯರಲ್ಲ, ಆದರೂ ಬಹು ವರ್ಷ ಶರೀರಶಾಸ್ತ್ರದ ಪಾಠ ಹೇಳಿದವರಾದ್ದರಿಂದ, ಓದಿ ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಚರ್ಮಕ್ಕೂ ಮಾಂಸಖಂಡಗಳಿಗೂ ನಡುವೆ ಮೇದಸ್ಸಿನ ಪದರವಿರುತ್ತದೆಂಬದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಹಾಸಿಗೆಯೊಳಗಣ ಹತ್ತಿಯ ನಡುವೆ ಹೊಲಿಗೆಯ ದಾರಗಳು ಹಾಯ್ದಿರುವಂತೆ, ಈ ಪದರದ ನಡುವೆ ರಕ್ತನಾಳಗಳೂ ನರಗಳೂ ಹಾಯ್ದಿರುತ್ತವೆ. ದಾರವನ್ನು ಹರಿಯದೆ ಹತ್ತಿಯನ್ನು ತೆಗೆಯುವದು ಹೇಗೆ? ಈ ಚಿಕಿತ್ಸೆಯ ಚರಿತ್ರೆಯೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

1920ರ ದಶಕದಲ್ಲಿ ಪ್ಯಾರಿಸಿನ ದುಜಾರಿಯೆ ಎಂಬ ಶಸ್ತ್ರವೈದ್ಯರು ಒಬ್ಬ ನರ್ತಕಿಯ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ, ರಕ್ತನಾಳಕ್ಕೆ ಗಾಯವಾಗಿ, ಕಾಲು ಕೊಳೆತು, ಕೊನೆಗೆ ಅದನ್ನು ಕತ್ತರಿಸಬೇಕಾಯಿತು. 1970ರ ದಶಕದಲ್ಲಿ ರೋಮಿನ ಫಿಷರ್ ಎಂಬ ತಂದೆ ಮಗ ಇಬ್ಬರೂ ಟೊಳ್ಳು ನಳಿಗೆಯಿಂದ ಕೊಬ್ಬನ್ನು ಹೀರುವ ಉಪಾಯವನ್ನು ಕಂಡುಹಿಡಿದರು. ಸ್ವಲ್ಪ ಕಾಲದಲ್ಲೇ ಪ್ಯಾರಿಸಿನ ಇಲ್ಲೂಜ್ ಎಂಬ ವೈದ್ಯರು ಮೊಂಡು ತುದಿಯ ನಳಿಗೆಯನ್ನು ಬಳಕೆಗೆ ತಂದರು. ಮೊಂಡು ತುದಿಯು ರಕ್ತನಾಳವನ್ನು ಕತ್ತರಿಸುವದಕ್ಕಿಂತ ಬದಿಗೆ ಸರಿಸುವದೇ ಹೆಚ್ಚು. ಆದಾಗ್ಯೂ ಅನೇಕರು ಯಾವ ದ್ರವವನ್ನೂ ಒಳಗೆ ಬಿಡದೆ, ರೋಗಿಯನ್ನು ಪೂರ್ಣವಾಗಿ ಮೂರ್ಛೆಗೊಳಿಸಿ ಹೀರುತ್ತಿದ್ದರು. (ರೋಗವಿಲ್ಲದವರನ್ನೂ ರೋಗಿಯೆಂದು ಕರೆಯಬೇಕಾದದ್ದು ಈ ಚಿಕಿತ್ಸೆಯ ಒಂದು ವಿಚಿತ್ರ.) ಇದೇ ಒಣ ಕ್ರಮ. ಇದರಲ್ಲಿ ಹೊರಬಂದುದರ ಕಾಲು ಪಾಲು, ಕೆಲವು ವೇಳೆ ಅದಕ್ಕೂ ಮಿಗಿಲು, ರಕ್ತವೇ ಆಗಿರುತ್ತಿತ್ತು. ಬೇರೊಬ್ಬರ ರಕ್ತವನ್ನು ಕೊಡಬೇಕಾಗುತ್ತಿದ್ದದ್ದೂ ಉಂಟು.

ನಿಜವಾದ ಮಾರ್ಪಾಟು ಯಂತ್ರದಿಂದ ಬರಲಿಲ್ಲ, ಉಪ್ಪುನೀರಿನಿಂದ ಬಂತು. ಕ್ಯಾಲಿಫೋರ್ನಿಯದ ಚರ್ಮವೈದ್ಯ ಜೆಫ್ರಿ ಕ್ಲೈನ್ ಎಂಬವರು 1987ರಲ್ಲಿ ಪ್ರಕಟಿಸಿದ ಕ್ರಮವು ಹೀಗಿದೆ: ಲವಣಜಲದಲ್ಲಿ ಲಿಡೊಕೇನ್ ಎಂಬ, ಹಲ್ಲು ಕೀಳುವಾಗ ವಸಡಿಗೆ ಚುಚ್ಚುವ ಔಷಧವನ್ನು ಬಹಳ ತೆಳುವಾಗಿ ಬೆರೆಸಿ, ಲೀಟರಿಗೆ ಒಂದು ಮಿಲಿಗ್ರಾಮಿನಷ್ಟು ಅಡ್ರಿನಲಿನನ್ನು ಕೂಡಿಸಿ, ಆ ಜಾಗವು ಉಬ್ಬಿ ಗಟ್ಟಿಯಾಗುವ ತನಕ ಮೆಲ್ಲಗೆ ಒಳಗೆ ಬಿಡುವರು. ಲಿಡೊಕೇನಿನಿಂದ ಜಾಗವು ಮರಗಟ್ಟುತ್ತದೆ. ಅಡ್ರಿನಲಿನಿನಿಂದ ರಕ್ತನಾಳಗಳು ಕುಗ್ಗುತ್ತವೆ. ಕೆಲಹೊತ್ತು ಕಾದು ಅನಂತರ ಸಣ್ಣ ನಳಿಗೆಯಿಂದ ಹೀರಿದರೆ, ಹೊರಬಂದುದರಲ್ಲಿ ರಕ್ತವು ನೂರಕ್ಕೆ ಒಂದು ಪಾಲಿನಷ್ಟೇ. ರೋಗಿಯು ಎಚ್ಚರವಾಗಿಯೇ ಇರಬಹುದು. ಆದರೆ ಇಲ್ಲಿಯೂ ಒಂದು ಸೂಕ್ಷ್ಮವುಂಟು. ಲಿಡೊಕೇನು ಮೇದಸ್ಸಿನಿಂದ ರಕ್ತಕ್ಕೆ ತಡವಾಗಿ ಸೇರುವದರಿಂದ, ರಕ್ತದಲ್ಲಿ ಅದರ ಪ್ರಮಾಣವು ಸುಮಾರು 12 ಗಂಟೆಗಳ ಹೊತ್ತಿಗೆ, ಎಂದರೆ ರೋಗಿಯು ಮನೆಯಲ್ಲಿ ಮಲಗಿರುವಾಗ, ಶಿಖರಕ್ಕೇರುತ್ತದೆ. ಆದುದರಿಂದ ದೇಹದ ತೂಕಕ್ಕೆ ತಕ್ಕ ಮಿತಿಯನ್ನು ಮೀರಲಾಗದು.

ತರುವಾಯ ಬಂದ ಯಂತ್ರಗಳು ಹಲವು: ಅಲುಗುವ ನಳಿಗೆ, ಶ್ರವಣಾತೀತ ಧ್ವನಿಯಿಂದ ಕೊಬ್ಬನ್ನು ಸಡಿಲಿಸುವದು, ಲೇಸರ್ ಕಿರಣದಿಂದ ಕರಗಿಸುವದು. ವೈದ್ಯರ ಕೈಗೆ ಇವುಗಳಿಂದ ಶ್ರಮ ಕಡಿಮೆಯಾದೀತು. ಕಡೆಯ ಎರಡರಲ್ಲಿ ಶಾಖದಿಂದ ಒಳಗೆ ಸುಡುವ ಭಯವಿದೆ. ಇವೆಲ್ಲಕ್ಕೂ ತಳಹದಿಯು ಅದೇ ಉಪ್ಪುನೀರಾದ್ದರಿಂದ, ಜಾಹೀರಾತಿನ ಹೊಸ ಹೆಸರಿಗೆ ನಾವು ಅಷ್ಟು ಬೆಲೆ ಕೊಡುವದಿಲ್ಲ.

ನಳಿಗೆಯೇ ಇಲ್ಲದ ಶೀತ ಕ್ರಮವೂ ಒಂದುಂಟು. ಮಂಜಿನ ಕಡ್ಡಿ ಚೀಪಿದ ಶಿಶುವಿನ ಕೆನ್ನೆಯ ಕೊಬ್ಬಿಗೆ ಹಾನಿಯಾದದ್ದನ್ನು 1970ರಲ್ಲಿ ವೈದ್ಯರು ವರದಿಮಾಡಿದ್ದರು. ಚಳಿಯು ಚರ್ಮವನ್ನು ಬಿಟ್ಟು ಕೊಬ್ಬನ್ನೇ ಕೆಡಿಸುವದೆಂಬ ಇದೇ ತತ್ವದ ಮೇಲೆ ಹಾರ್ವರ್ಡಿನ ವೈದ್ಯರು ರಚಿಸಿದ ಯಂತ್ರಕ್ಕೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಫಲವು ಅಲ್ಪ, ನಿಧಾನ; ವಿರಳವಾಗಿ ಆ ಜಾಗದ ಕೊಬ್ಬು ಕುಗ್ಗುವದರ ಬದಲು ಬೆಳೆದದ್ದೂ ಉಂಟು.

ಇನ್ನು ಅಪಾಯದ ಮಾತು. 2000ದಲ್ಲಿ ಪ್ರಕಟವಾದ ಅಮೆರಿಕದ ಶಸ್ತ್ರವೈದ್ಯರ ವಿಚಾರಣೆಯೊಂದರಲ್ಲಿ ಸುಮಾರು 5,000 ಚಿಕಿತ್ಸೆಗಳಿಗೆ ಒಂದು ಮರಣ ಕಂಡುಬಂತು. ಮುಖ್ಯ ಕಾರಣವು ಶ್ವಾಸಕೋಶದ ರಕ್ತನಾಳ ಕಟ್ಟಿಕೊಳ್ಳುವದಾಗಿತ್ತು. ಅದು ಉಪ್ಪುನೀರಿನ ಕ್ರಮವು ಬಂದ ಮೇಲಿನ ಕಾಲವೇ ಎಂಬದನ್ನು ಗಮನಿಸಬೇಕು. ಒಂದೇ ಸಲಕ್ಕೆ 5 ಲೀಟರಿಗೆ ಮಿಕ್ಕಿ ತೆಗೆದರೆ ಅದನ್ನು ದೊಡ್ಡ ಪ್ರಮಾಣವೆಂದೇ ಎಣಿಸುತ್ತಾರೆ.

ಲಾಭವಾದರೂ ಎಷ್ಟು? 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 15 ಮಂದಿ ಸ್ಥೂಲಕಾಯದ ಸ್ತ್ರೀಯರಿಂದ ತಲಾ ಸುಮಾರು 10 ಕಿಲೋ ಕೊಬ್ಬನ್ನು ತೆಗೆದರೂ, ಮೂರು ತಿಂಗಳೊಳಗಿನ ಪರಿಶೀಲನೆಯಲ್ಲಿ ರಕ್ತದ ಒತ್ತಡವಾಗಲಿ ಸಕ್ಕರೆಯ ಪ್ರಮಾಣವಾಗಲಿ ಸುಧಾರಿಸಲಿಲ್ಲ. 2011ರ ಇನ್ನೊಂದರಲ್ಲಿ, ತೊಡೆಯಿಂದ ತೆಗೆದ ಕೊಬ್ಬು ತೊಡೆಗೆ ಮರಳದಿದ್ದರೂ, ವರ್ಷದೊಳಗೆ ಹೊಟ್ಟೆಯಲ್ಲಿ ಕೂಡಿಕೊಂಡಿತು.

ಇಷ್ಟನ್ನೂ ಕೇಳಿದ ಮೇಲೆ ಆ ಪೂರ್ವ ವಿದ್ಯಾರ್ಥಿನಿಯು ಸುಮ್ಮನೆ ಕುಳಿತಿದ್ದಳು. ನಾವು ಬೇಡವೆನ್ನಲಿಲ್ಲ, ವೈದ್ಯರನ್ನು ಕೇಳಲು ಮೂರು ಪ್ರಶ್ನೆಗಳನ್ನು ಬರೆದುಕೊಟ್ಟೆವು. ಹೊಟ್ಟೆಯ ಉಬ್ಬು ಕೊಬ್ಬಿನದೋ, ಹೆರಿಗೆಯಿಂದ ಸಡಿಲಿದ ಸ್ನಾಯುಗಳದೋ? ಎಷ್ಟು ಲೀಟರ್ ತೆಗೆಯುವರು? ಆ ರಾತ್ರಿ ಆಕೆಯನ್ನು ನೋಡಿಕೊಳ್ಳುವವರು ಯಾರು? ಮೊದಲೆರಡಕ್ಕೆ ಉತ್ತರ ತಂದಿದ್ದಾಳೆ. ಮೂರನೆಯದಕ್ಕೆ ಇನ್ನೂ ಬಂದಿಲ್ಲವಾಗಿ, ದಿನವನ್ನು ಗೊತ್ತುಮಾಡಿಲ್ಲ.