ಅರವತ್ತು ತುಂಬಿತು, ಸೇವೆ ಎಷ್ಟಾಯಿತು?

ಬೆಳಿಗ್ಗೆ ಬೀಗ ತೆಗೆದರೆ ಅಂಗನವಾಡಿ ಕಾರ್ಯಕರ್ತೆಗೆ ಬಿಡುವಿಲ್ಲ. ಮಕ್ಕಳ ತೂಕ ನೋಡಬೇಕು, ಮೊಟ್ಟೆ ಎಣಿಸಬೇಕು, ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಮೊಬೈಲಿನ 'ಪೋಷಣ್ ಟ್ರ್ಯಾಕರ್'ಗೆ ಏರಿಸಬೇಕು. ಚುನಾವಣೆ ಬಂತೆಂದರೆ ಹಲವರ ಹೆಗಲಿಗೆ ಮತದಾರರ ಪಟ್ಟಿಯೂ ಬೀಳುತ್ತದೆ. ಊರಿಗೆಲ್ಲ ಅವರು 'ಟೀಚರ್'. ಸರ್ಕಾರದ ಕಡತದಲ್ಲಿ ಮಾತ್ರ ಗೌರವ ಸೇವೆಯವರು, ಪಡೆಯುವುದು ಸಂಬಳವಲ್ಲ, ಗೌರವಧನ. ಆದರೆ ಅರವತ್ತು ತುಂಬಿದ ದಿನ ಕರ್ನಾಟಕದಲ್ಲಿ ಅವರೂ ಸರ್ಕಾರಿ ನೌಕರರಂತೆಯೇ ಮನೆಗೆ ನಡೆಯಬೇಕು. ಆ ಒಂದು ನಿಯಮದಲ್ಲಿ ಭೇದವಿಲ್ಲ!

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಎಂಬತ್ತು, ತೊಂಬತ್ತರ ದಶಕದಲ್ಲಿ ಸೇರಿದ ಹುಡುಗಿಯರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.

ಇವರಂತೆ ಖಾಯಂ ಆಗದೆ ದುಡಿಯುವ ತಾತ್ಕಾಲಿಕ ನೌಕರರ ಪಾಲಿಗೆ 2006 ಕಹಿ ವರ್ಷ. ಆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಿಂದ ಬೆಳೆದ ವ್ಯಾಜ್ಯವದು. ಎಷ್ಟು ವರ್ಷ ದುಡಿದರೂ ಅಷ್ಟರಿಂದಲೇ ಖಾಯಮಾತಿ ಹಕ್ಕಾಗದು. ಹಿಂಬಾಗಿಲಿನಿಂದ ಬಂದವರನ್ನು ಉಳಿಸಿಕೊಂಡರೆ ಪರೀಕ್ಷೆ ಬರೆದು ಕಾದವರಿಗೆ ಅನ್ಯಾಯ ಎಂಬುದು ಅದರ ತರ್ಕ. ತರ್ಕ ಸರಿಯೇ. ಆದರೆ ಮಂಜೂರಾದ ಖಾಲಿ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಬಲವಿಲ್ಲದೆ, ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಖಾಯಂ ಮಾಡಿ ಎಂದೂ ಅದೇ ತೀರ್ಪು ಹೇಳಿತ್ತು. ಇಲಾಖೆಗಳು ಮೊದಲ ಮಾತನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆಯುತ್ತಿವೆ ಎಂದು 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದ ಸ್ವಚ್ಛತಾ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ಬೇಸರಪಟ್ಟುಕೊಂಡಿತು.

2006ರ ಡಿಸೆಂಬರ್‌ನಲ್ಲಿ ಇನ್ನೊಂದು ಪೆಟ್ಟು. ಅಂಗನವಾಡಿಯವರದು ಸರ್ಕಾರಿ ಹುದ್ದೆಯೇ ಅಲ್ಲ ಎಂದಿತು ನ್ಯಾಯಾಲಯ. ಅದೂ ಕರ್ನಾಟಕದ್ದೇ ಪ್ರಕರಣ.

ಸ್ವಲ್ಪ ಉಸಿರಾಡಲು 2022ರ ಏಪ್ರಿಲ್ ಬರಬೇಕಾಯಿತು. ಗುಜರಾತಿನಿಂದ ಹೋದ ಮೇಲ್ಮನವಿಯಲ್ಲಿ, 1972ರ ಉಪದಾನ (ಎಲ್ಲರ ಬಾಯಲ್ಲಿರುವ ಗ್ರಾಚ್ಯುಟಿ) ಕಾಯ್ದೆ ಕಾರ್ಯಕರ್ತೆ, ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಜಾರಿಯೂ ಸೇರಿ ಹಲವು ಬೇಡಿಕೆ ಹಿಡಿದು 2023ರ ಜನವರಿಯ ಚಳಿಯಲ್ಲಿ ರಾಜ್ಯದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತರು.

ಉಪದಾನ ಹೀಗೆ ಲೆಕ್ಕವಾಗುತ್ತದೆ: ಕೊನೆಯ ತಿಂಗಳ ಹಣವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ತಿಂಗಳಿಗೆ 10,000 ರೂಪಾಯಿ, 30 ವರ್ಷ ಎಂದಿಟ್ಟುಕೊಂಡರೆ ಸುಮಾರು 1,73,000. ಒಂದೇ ಸಲ ಬರುವ ದುಡ್ಡು, ಪಿಂಚಣಿಯಲ್ಲ. ಕಾನೂನಿನ ಪ್ರಕಾರ ಅದು ಮೂವತ್ತು ದಿನದೊಳಗೆ ಕೈಸೇರಬೇಕು. ಮೂವತ್ತು ವರ್ಷ ಬರೆದ ಹಾಜರಿ ಪುಸ್ತಕಗಳನ್ನು ಬೀಗದ ಕೈ ಸಮೇತ ಕೇಂದ್ರಕ್ಕೆ ಒಪ್ಪಿಸಿ ಬಂದವರು, ಸೇರಿದ ದಿನಾಂಕವಿರುವ ಆ ಹಳೆಯ ಆದೇಶ ಪತ್ರಕ್ಕಾಗಿ ಮನೆಯ ಟ್ರಂಕು ತಡಕಾಡುತ್ತಾರೆ.