‘ಸೆಟ್’: ಮೂರಕ್ಷರದ ಪದ, ನೂರಾರು ಅರ್ಥ

ಇಂಗ್ಲಿಷಿನಲ್ಲಿ ‘ಸೆಟ್’ ಬರೆಯಲು ಮೂರೇ ಅಕ್ಷರ ಸಾಕು. ಅದರ ಅರ್ಥಗಳನ್ನು ಬರೆಯಲು ಹೊರಟರೆ ಮಾತ್ರ ಒಂದು ಪುಸ್ತಕವೇ ಬೇಕಾಗುತ್ತದೆ. 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ಈ ಪದದ ಕ್ರಿಯಾರೂಪಕ್ಕೇ ಸುಮಾರು 430 ಅರ್ಥಗಳನ್ನು ಕೊಟ್ಟಿದೆ. ಉದಾಹರಣೆಗಳೂ ಸೇರಿ ಆ ನಮೂದಿನ ಉದ್ದ ಸುಮಾರು 60,000 ಪದ. ಅದೇ ನಿಘಂಟಿನ ಈಗಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಮುಂದೆ ಹೋಗಿದೆ. ಆದರೂ ಒಂದು ಪುಟ್ಟ ಪದ ಹೇಗೆ ಇಷ್ಟು ಕವಲೊಡೆಯುತ್ತದೆ ಎಂಬುದನ್ನು ತಿಳಿಯಲು ‘ಸೆಟ್’ನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಸೆಟ್ಟನ್’, ಅರ್ಥ ‘ಕೂರಿಸು’. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರುವಂತೆ ಮಾಡು. ಇವೆರಡರ ಹಿಂದಿರುವ ಮೂಲಧಾತುವೇ ಸಂಸ್ಕೃತದಲ್ಲಿ ‘ಸದ್’ ಆಗಿ ಉಳಿದಿದೆ. ಸದನ, ಸದಸ್ಯ, ಸಂಸತ್ತು, ಉಪನಿಷತ್ತು ಎಲ್ಲವೂ ಅದರಿಂದ ಬಂದ ಪದಗಳು. 1915ರಲ್ಲಿ ಹುಟ್ಟಿದ ನಮ್ಮ ಸಾಹಿತ್ಯ ಪರಿಷತ್ತಿನ ‘ಪರಿಷತ್ತು’ ಕೂಡ ಇಂಗ್ಲಿಷಿನ ‘ಸೆಟ್’ಗೆ ದೂರದ ನೆಂಟ.

ಕೂರಿಸು, ಇರಿಸು ಎಂಬ ಈ ಮೊದಲ ಅರ್ಥವನ್ನು ಹಿಡಿದು ಹೊರಟರೆ ಉಳಿದ ಅರ್ಥಗಳಲ್ಲಿ ಬಹುಪಾಲು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆ ಕೂರಿಸುವುದು, ಊಟದ ಮೇಜನ್ನು ಅಣಿಮಾಡುವುದು, ಅಚ್ಚುಮೊಳೆ ಜೋಡಿಸುವುದು, ಗಡಿಯಾರದ ಮುಳ್ಳನ್ನು ಸರಿಯಾದ ಹೊತ್ತಿಗೆ ತರುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಹಾಡಿಗೆ ರಾಗ ಸಂಯೋಜಿಸುವುದು: ಇಂಗ್ಲಿಷಿಗೆ ಇವೆಲ್ಲಕ್ಕೂ ಒಂದೇ ಕ್ರಿಯಾಪದ ಸಾಕು. ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ನಮ್ಮ ‘ಇಡು’ವೂ ಹೀಗೆಯೇ ದುಡಿಯುತ್ತದೆ. ಕೋಳಿ ಮೊಟ್ಟೆ ಇಡುತ್ತದೆ, ಮಗುವಿಗೆ ಹೆಸರಿಡುತ್ತಾರೆ, ಅಂಗಳದಲ್ಲಿ ರಂಗೋಲಿ ಇಡುತ್ತಾರೆ, ದೇವರಿಗೆ ಮೊರೆಯಿಡುತ್ತಾರೆ, ಹೊಸ ಊರಿಗೆ ಕಾಲಿಡುತ್ತಾರೆ. ಬೆಂಕಿ ಇಡುವುದು, ಬೋನು ಇಡುವುದು ಎಂಬಲ್ಲಿ ‘ಇಡು’ ಮತ್ತು ‘ಸೆಟ್’ ಒಂದಕ್ಕೊಂದು ತಕ್ಕ ಜೋಡಿಯಾಗುತ್ತವೆ.

ಇರಿಸಿದ್ದು ಕದಲದೆ ನಿಂತರೆ ಅದು ಗಟ್ಟಿಯಾದಂತೆ. ಜೆಲ್ಲಿ ಗಟ್ಟಿಯಾಗುವುದಕ್ಕೂ ಸಿಮೆಂಟು ಗಟ್ಟಿಯಾಗುವುದಕ್ಕೂ ‘ಸೆಟ್’ ಬಳಕೆಯಾಗುವುದು ಈ ದಾರಿಯಿಂದ. ಕಟ್ಟಡದ ಕೆಲಸದಲ್ಲಿ ಇದು ಅಳೆದು ನೋಡುವ ಗುಣವೂ ಹೌದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬಿದ್ದ 30 ನಿಮಿಷಕ್ಕಿಂತ ಮೊದಲೇ ಸೆಟ್ ಆಗಲು ತೊಡಗಬಾರದು, 600 ನಿಮಿಷ ಮೀರಿಯೂ ಹಸಿಯಾಗಿರಬಾರದು. ಕಲಸಿ, ಸಾಗಿಸಿ, ಹರಡಲು ಗಾರೆಯವರಿಗೆ ಸಮಯ ಬೇಕು. ಮುಂದಿನ ಕೆಲಸಕ್ಕೆ ಗಟ್ಟಿ ನೆಲೆಯೂ ಬೇಕು. ಮನುಷ್ಯರ ಅಭಿಪ್ರಾಯ ಹೀಗೆ ಬದಲಾಗದಂತೆ ನಿಂತುಬಿಟ್ಟರೆ ಅದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ.

ಸ್ಥಿರವಾಗಿ ನಿಲ್ಲುವುದನ್ನು ಹೇಳುವ ಪದವೇ ಹೊರಟು ಹೋಗುವುದನ್ನೂ ಹೇಳುತ್ತದೆ ಎಂಬುದು ಕಲಿಯುವವರನ್ನು ಹೆಚ್ಚು ಕಾಡುವ ತೊಡಕು. ‘ಸೆಟ್ ಸೇಲ್’ ಎಂದರೆ ಹಾಯಿಯನ್ನು ಗಾಳಿಗೆ ತಕ್ಕಂತೆ ಇರಿಸುವುದು. ಹಾಯಿ ಬಿಚ್ಚಿದರೆ ಹಡಗು ಹೊರಡುವುದರಿಂದ ಅದು ಪ್ರಯಾಣ ಆರಂಭಿಸುವುದಕ್ಕೇ ಹೆಸರಾಯಿತು. ‘ಔಟ್’, ‘ಆಫ್’, ‘ಇನ್’, ‘ಅಪ್’ ಮೊದಲಾದ ಕಿರುಪದಗಳು ಜೊತೆಗೂಡಿದಾಗ ಅರ್ಥ ಇನ್ನಷ್ಟು ಹರಡುತ್ತದೆ. ‘ಸೆಟ್ ಔಟ್’ ಎಂದರೆ ಹೊರಡು, ‘ಸೆಟ್ ಅಪ್’ ಎಂದರೆ ಸ್ಥಾಪಿಸು, ‘ಸೆಟ್ ಅಸೈಡ್’ ಎಂದರೆ ಬದಿಗಿಡು. ನ್ಯಾಯಾಲಯದಲ್ಲಾದರೆ ಕೆಳಗಿನ ಕೋರ್ಟಿನ ಆದೇಶವನ್ನು ರದ್ದುಮಾಡು. ಮಳೆಗಾಲ ಹಿಡಿಯುವುದು ‘ಸೆಟ್ ಇನ್’. ಮಾತಿನಲ್ಲಿ ‘ಸೆಟ್‌ಬ್ಯಾಕ್’ ಹಿನ್ನಡೆ, ಮನೆ ಕಟ್ಟುವವರಿಗೆ ಅದೇ ನಿವೇಶನದ ಗಡಿಯಿಂದ ಬಿಡಬೇಕಾದ ಖಾಲಿ ಜಾಗ. ಭೂತಕಾಲದಲ್ಲೂ ರೂಪ ಬದಲಾಗದ ಕಾರಣ, ಇದು ಯಾವ ‘ಸೆಟ್’ ಎಂಬುದನ್ನು ಅಕ್ಕಪಕ್ಕದ ಪದಗಳನ್ನು ನೋಡಿಯೇ ತಿಳಿಯಬೇಕು.

ಗುಂಪು ಎಂಬ ಅರ್ಥದ ‘ಸೆಟ್’ ಬೇರೆ ಮನೆಯಿಂದ ಬಂದದ್ದು. ಅದರ ಬೇರು ಲ್ಯಾಟಿನಿನ ‘ಸೆಕ್ಟಾ’, ಎಂದರೆ ಒಬ್ಬರನ್ನು ಅನುಸರಿಸುವವರ ಪಂಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಮೇಲೆ ಈ ನಾಮಪದ, ಕ್ರಿಯಾಪದದೊಂದಿಗೆ ಗುರುತು ಸಿಗದಷ್ಟು ಬೆರೆತುಹೋಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಗಣಿತಜ್ಞ ಗಿಯೋರ್ಗ್ ಕ್ಯಾಂಟರ್ ಕಟ್ಟಿದ ಸಿದ್ಧಾಂತಕ್ಕೆ ಇಂಗ್ಲಿಷಿನಲ್ಲಿ ಈ ಪದವೇ ನಿಂತಿತು. ಕನ್ನಡ ಪಠ್ಯಪುಸ್ತಕಗಳು ಅದನ್ನು ‘ಗಣ’ ಎನ್ನುತ್ತವೆ. ಟೆನಿಸ್ ಆಟಗಾರರು ಸೆಟ್ ಗೆಲ್ಲಲು ಕನಿಷ್ಠ 6 ಗೇಮ್ ಗೆಲ್ಲಬೇಕು, ಎದುರಾಳಿಗಿಂತ 2 ಗೇಮ್ ಮುಂದಿರಬೇಕು. 6-6 ಆದರೆ ಟೈ-ಬ್ರೇಕ್. ಕೊನೆಯ ಸೆಟ್‌ಗೆ ಟೈ-ಬ್ರೇಕ್ ಇಲ್ಲದಿದ್ದ 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾ ಮಾಹು ನಡುವಿನ ಪಂದ್ಯದ ಐದನೆಯ ಸೆಟ್ 70-68ರಲ್ಲಿ ಮುಗಿಯಿತು.

ಕನ್ನಡ ಈ ಪದವನ್ನು ಎರವಲು ಪಡೆದು ಸುಮ್ಮನಾಗಲಿಲ್ಲ. ಎರಡು ಮೂರು ಒಟ್ಟಿಗೆ ಬಡಿಸುವ ಮೆತ್ತನೆಯ ದೋಸೆ ‘ಸೆಟ್ ದೋಸೆ’ ಆಯಿತು. ರೈತರ ಮಾತಿನಲ್ಲಿ ‘ಪಂಪ್‌ಸೆಟ್’ ಹಳ್ಳಿಹಳ್ಳಿಗೂ ಹೋಯಿತು. ಹೊಂದಾಣಿಕೆಯಾಗದ ಇಬ್ಬರನ್ನು ಕುರಿತು ‘ಅವರಿಗೆ ಸೆಟ್ ಆಗಲ್ಲ’ ಎನ್ನುವುದು ನಿತ್ಯದ ಮಾತು. ಎಲ್ಲಕ್ಕಿಂತ ಸೊಗಸಾದದ್ದು ಸಿನಿಮಾ ಪತ್ರಕರ್ತರ ‘ಸೆಟ್ಟೇರು’. ಚಿತ್ರೀಕರಣ ಶುರುವಾಯಿತು ಎನ್ನಲು ‘ಚಿತ್ರ ಸೆಟ್ಟೇರಿತು’ ಎಂದು ಬರೆಯುವುದು ಇಂಗ್ಲಿಷಿನಿಂದ ಬಂದ ನುಡಿಗಟ್ಟಲ್ಲ. ಗದ್ದುಗೆಯೇರು, ಹಸೆಮಣೆಯೇರು ಎಂಬ ನಮ್ಮ ಮಾತುಗಳ ಜಾಡಿನಲ್ಲೇ ಅದು ಹುಟ್ಟಿದೆ. ಹೀಗೆ ಸ್ವಂತ ವ್ಯಾಕರಣ ತೊಟ್ಟ ಪದಗಳನ್ನು ಎರವಲು ಎಂದು ದೂರವಿಡದೆ, ಬಳಕೆಯ ಉದಾಹರಣೆಗಳ ಸಮೇತ ಕನ್ನಡ ನಿಘಂಟುಗಳಲ್ಲಿ ದಾಖಲಿಸಬೇಕು.